ಪಕ್ಕದ ಮನೆಗೆ ಹೋಗುವ ದಾರಿ

ಶಂಕರಪುರದವರೆಲ್ಲ ಪ್ಯಾಟ್ರಿಶಿಯಾಳನ್ನು ಮಹಾ ದೇವಭಕ್ತೆ ಎಂದು ಹೊಗಳುತ್ತಿದ್ದ ಕಾಲದಲ್ಲಿ ಅವಳ ಜೊತೆ ಅರ್ಧ ಗಂಟೆ ಕುಳಿತುಕೊಳ್ಳುವುದೂ ಕಷ್ಟವಿತ್ತು. ಅವಳು ತೀರಿಕೊಂಡ ಮೇಲೆ ಬಂದವರೆಲ್ಲ ಆ ಭಕ್ತಿಯ ಮಾತನ್ನೇ ಆಡಿದರು. ನನಗೆ ಹೇಳಬೇಕಾದದ್ದು ಬೇರೆ ಇದೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಬರೆಯುವಾಗ ಅವಳ ತೋಟ ಕಾಣಬಾರದೆಂದು ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದೇನೆ.

ನಾನು ಕಾಪುವಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ನಮ್ಮದು ತುಳು ಮಾತಾಡುವ ಮನೆ, ಅವಳದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ನಡುವೆ ಅವಳ ಮಲ್ಲಿಗೆ ತೋಟ. ಮದುವೆಯಾಗದ ಪ್ಯಾಟ್ರಿಶಿಯಾ ತಾಯಿಯೊಂದಿಗೆ ಇದ್ದಳು. ಮುಂಜಾನೆ ಮೊಗ್ಗು ಕೊಯ್ದಿಟ್ಟು ಇಗರ್ಜಿಯ, ಅಂದರೆ ಚರ್ಚಿನ, ಪೂಜೆಗೆ ಹೋಗುವಳು, ಬಂದು ಹೂ ಕಟ್ಟಿ ಮಾರಲು ಕಳಿಸುವಳು. ಶುಕ್ರವಾರ ಉಪವಾಸ. ಸಂಜೆ ಮಣಿ ಎಣಿಸುತ್ತ ಜಪಸರ ಹೇಳುವಾಗ ಯಾರಾದರೂ ಒಂದು ಪದ ನುಂಗಿದರೆ ಅಲ್ಲೇ ನಿಲ್ಲಿಸಿ, ಮೊದಲಿನಿಂದ ಹೇಳಿಸುವಳು. ಅವಳ ಮನೆಯಲ್ಲಿ ಜಪಸರವೆಂದರೆ ನೆರೆಹೊರೆಯ ಮಕ್ಕಳೆಲ್ಲ ನಡುಗುತ್ತಿದ್ದರು.

ಅಂಗಳಕ್ಕೆ ತಾಗಿದಂತೆ ತಂಗಿ ವನೆಸ್ಸಾಳ ಮನೆ. ವನೆಸ್ಸಾ ಕುವೈತಿನಲ್ಲಿ ನರ್ಸ್ ಆಗಿದ್ದು, ಊರಿಗೆ ಬಂದು ಮನೆ ಕಟ್ಟಿಸಿಕೊಂಡವಳು. ಈ ಎರಡು ಮನೆಗಳ ನಡುವೆ ಏಳು ವರ್ಷ ಮಾತಿರಲಿಲ್ಲ.

ಕಾರಣ ತಾಯಿಯ ಸಾವು. ಒಂದು ಮಧ್ಯಾಹ್ನ ತಾಯಿಗೆ ಉಸಿರು ಸಿಕ್ಕಿಕೊಂಡಿತು. ವನೆಸ್ಸಾ ಆಂಬುಲೆನ್ಸಿಗೆ ಫೋನ್ ಮಾಡಿದಳು, ಪ್ಯಾಟ್ರಿಶಿಯಾ ಫಾದರ್‌ಗೆ. ರೋಗಿಯ ಹಣೆಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಅವರಲ್ಲಿ ಬಹಳ ದೊಡ್ಡದು. ಆಂಬುಲೆನ್ಸ್ ಮೊದಲು ಬಂತು. "ಫಾದರ್ ದಾರಿಯಲ್ಲಿದ್ದಾರೆ, ಸ್ವಲ್ಪ ನಿಲ್ಲಿ" ಎಂದು ಪ್ಯಾಟ್ರಿಶಿಯಾ ಅಡ್ಡ ನಿಂತಳು. ವನೆಸ್ಸಾ ನಿಲ್ಲಲಿಲ್ಲ. ಮಣಿಪಾಲದ ಆಸ್ಪತ್ರೆ ಮುಟ್ಟುವ ಮೊದಲೇ ತಾಯಿ ಹೋಗಿಬಿಟ್ಟರು. ಎಣ್ಣೆ ಸಿಗಲಿಲ್ಲ. "ಅಮ್ಮನನ್ನು ಬರಿಗೈಯಲ್ಲಿ ಕಳಿಸಿದಳು" ಎಂದು ಪ್ಯಾಟ್ರಿಶಿಯಾ ನನ್ನ ಬಳಿ ಎಷ್ಟು ಸಲ ಹೇಳಿದ್ದಾಳೋ.

ಅವಳ ಬದುಕು ತಿರುಗಿದ್ದು ಗುರ್ಕಾರ್ನ್ ಆದ ಮೇಲೆ. ಇಗರ್ಜಿಯ ವ್ಯಾಪ್ತಿಯನ್ನು ವಾರ್ಡುಗಳಾಗಿ ಮಾಡಿ, ಪ್ರತಿ ವಾರ್ಡಿಗೂ ಒಬ್ಬ ಮುಖ್ಯಸ್ಥರನ್ನು ಆರಿಸುತ್ತಾರೆ. ಗಂಡಸಾದರೆ ಗುರ್ಕಾರ್, ಹೆಂಗಸಾದರೆ ಗುರ್ಕಾರ್ನ್. ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಕಷ್ಟ ಎಂದು ಫಾದರ್‌ಗೆ ತಿಳಿಸಬೇಕಾದವರು ಅವರೇ. ಹಾಗೆ ಅವಳು ಒಮ್ಮೆ ಫಾದರ್ ಜೊತೆ ಸಾಯುವ ಸ್ಥಿತಿಯಲ್ಲಿದ್ದ ಪಾಸ್ಕಲ್ ಎಂಬ ಮುದುಕರ ಮನೆಗೆ ಹೋದಳು. ಬಂದವಳು ಸೀದಾ ನಮ್ಮ ಜಗಲಿಗೆ ಬಂದು ಕುಳಿತಳು.

"ಎಲ್ಲ ಸರಿಯಾಗಿ ಆಯ್ತು ಸುಗಂಧಿ. ಎಣ್ಣೆ, ಪರಮಪ್ರಸಾದ, ಪ್ರಾರ್ಥನೆ, ಒಂದೂ ತಪ್ಪಲಿಲ್ಲ."

"ಮತ್ತೆ ಎಂತ ಮುಖ ಹೀಗೆ?"

"ಅವರು ನಮ್ಮನ್ನು ನೋಡ್ಲೇ ಇಲ್ಲ ಮಾರಾಯ್ತಿ. ಬಾಗಿಲನ್ನೇ ನೋಡ್ತಿದ್ರು, ಅಣ್ಣ ಬರ್ತಾನೋ ಅಂತ. ಅಣ್ಣನ ಮನೆ ಅಲ್ಲೇ ಪಕ್ಕದಲ್ಲಿ. ಬರಲಿಲ್ಲ."

ಚಹಾ ಕೊಟ್ಟೆ, ಕುಡಿಯಲಿಲ್ಲ. ಎದ್ದು ಹೋದಳು.

ಅಕ್ಟೋಬರ್ ಅವರಿಗೆ ಜಪಸರದ ತಿಂಗಳು. ಯೇಸುವಿನ ತಾಯಿ ಮರಿಯಮ್ಮನ ಪ್ರತಿಮೆ ವಾರ್ಡಿನ ಮನೆಯಿಂದ ಮನೆಗೆ ಹೋಗುತ್ತದೆ. ಇಂದು ಯಾರ ಮನೆಯಲ್ಲಿ ಪ್ರಾರ್ಥನೆಯೋ, ನಾಳೆ ಸಂಜೆ ಅವರೇ ಪ್ರತಿಮೆಯನ್ನು ಎತ್ತಿಕೊಂಡು ಮುಂದಿನ ಮನೆಗೆ ಹೋಗಿ ಕೊಡಬೇಕು. ಪ್ಯಾಟ್ರಿಶಿಯಾಳ ಮನೆಯಿಂದ ಮುಂದಿನದು ವನೆಸ್ಸಾಳ ಮನೆ. ಆದರೆ ಹಿಂದಿನ ಗುರ್ಕಾರ್, ಎಲ್ಲರೂ ಬಾಪ್ಪು (ಚಿಕ್ಕಪ್ಪ) ಎನ್ನುವ ಡೊಮಿನಿಕ್, ಉಪಾಯ ಮಾಡಿದ್ದರು. ಪ್ರತಿಮೆ ಅಕ್ಕನ ಮನೆಯಿಂದ ರಸ್ತೆ ದಾಟಿ ಎದುರು ಸಾಲಿಗೆ ಹೋಗಿ, ಇಡೀ ವಾರ್ಡು ಸುತ್ತಿ, ಕೊನೆಯಲ್ಲಿ ತಂಗಿಯ ಮನೆಗೆ ಬರುತ್ತಿತ್ತು. ವರ್ಷಗಳು ಕಳೆದು ಅದೇ ದಾರಿ ಎಂದು ಎಲ್ಲರಿಗೂ ಅಭ್ಯಾಸವಾಗಿತ್ತು.

ಆ ವರ್ಷದ ಸಭೆಯಲ್ಲಿ ಪ್ಯಾಟ್ರಿಶಿಯಾ ಮನೆಗಳನ್ನು ನಂಬರಿನಂತೆ ಸಾಲಾಗಿ ಓದಿದಳು; ಅವಳದು ಹನ್ನೊಂದು, ವನೆಸ್ಸಾಳದು ಹನ್ನೆರಡು. ಅಲ್ಲಿ ನಡೆದದ್ದನ್ನು ಡೊಮಿನಿಕರೇ ನನಗೆ ಹೇಳಿ ನಕ್ಕರು.

"ಹನ್ನೊಂದು ಆದ ಮೇಲೆ ಹದಿಮೂರು ಅಲ್ವಾ?" ಎಂದು ಇವರು ಕೇಳಿದರಂತೆ.

"ಹನ್ನೊಂದು ಆದ ಮೇಲೆ ಹನ್ನೆರಡು, ಡೊಮಿನಿಕ್ ಬಾಪ್ಪು. ಶಾಲೆಯಲ್ಲಿ ಹಾಗೇ ಕಲಿಸಿದ್ದು."

"ಅಲ್ಲ, ಯಾವಾಗಲೂ ನಾವು..."

"ಮರಿಯಮ್ಮ ಎಕ್ಸ್‌ಪ್ರೆಸ್ ಬಸ್ಸಲ್ಲ. ಎಲ್ಲ ಸ್ಟಾಪಿನಲ್ಲೂ ನಿಲ್ತಾಳೆ."

ಪ್ರತಿಮೆ ಅಕ್ಕನ ಮನೆಯಿಂದ ಹೊರಟ ಸಂಜೆ ನಾನೂ ಮೆರವಣಿಗೆಯ ಹಿಂದೆ ಹೋದೆ. ಸಣ್ಣ ಮಳೆ ಬರುತ್ತಿತ್ತು. ವನೆಸ್ಸಾಳ ಬಾಗಿಲು ಹಾಕಿತ್ತು. ಅಂಗಳದಲ್ಲಿ ಸ್ಕೂಟರ್ ಇತ್ತು, ಒಳಗೆ ದೀಪ ಉರಿಯುತ್ತಿತ್ತು. ಪ್ಯಾಟ್ರಿಶಿಯಾ ಒಮ್ಮೆ ಬೆಲ್ ಒತ್ತಿದಳು. ಯಾರೂ ಬರಲಿಲ್ಲ. ಅವಳು ಜಗಲಿಯಲ್ಲಿ ನಿಂತು ಪ್ರತಿಮೆಯನ್ನು ಎದೆಗವಚಿಕೊಂಡೇ ಜಪಸರ ಆರಂಭಿಸಿದಳು. ಜನ ಕೊಡೆ ಬಿಚ್ಚಿ ಅಂಗಳದಲ್ಲಿ ನಿಂತರು.

"ಕೈ ನೋಯುದಿಲ್ವಾ ಪ್ಯಾಟ್ರಿ? ಆ ಕುರ್ಚಿಯ ಮೇಲೆ ಇಡು" ಎಂದರು ಡೊಮಿನಿಕ್, ಮೆಲ್ಲಗೆ.

"ಮನೆಯವರು ಹೇಳದೆ ಕುರ್ಚಿ ಮುಟ್ಟುದು ಹೇಗೆ?"

ಜಪಸರ ಪೂರ್ತಿ ಮುಗಿಯುವವರೆಗೆ ಹಾಗೇ ನಿಂತಿದ್ದಳು. ಅಂದು ಯಾರೋ ಒಂದು ಪ್ರಾರ್ಥನೆಯನ್ನು ಅರ್ಧ ನುಂಗಿದರು. ಅವಳು ನಿಲ್ಲಿಸಲಿಲ್ಲ.

ಮುಂದಿನ ಅಕ್ಟೋಬರಿನಲ್ಲಿ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ, ಎರಡು ಮೇಣದ ಬತ್ತಿ. ವನೆಸ್ಸಾ ಅಕ್ಕನ ಮುಖ ನೋಡದೆ ಪ್ರತಿಮೆ ತೆಗೆದುಕೊಂಡಳು. ಪ್ರಾರ್ಥನೆಯಾದ ಮೇಲೆ ಎಲ್ಲರಿಗೂ ಬೇಯಿಸಿದ ಕಡಲೆ, ಕಪ್ಪು ಚಹಾ ಕೊಟ್ಟಳು. ಜನ ಹೋದರು. ನಾನು ಲೋಟಗಳನ್ನು ಒಟ್ಟುಮಾಡುತ್ತಿದ್ದೆ. ಅಕ್ಕ ತಂಗಿ ಮಾತಾಡಿದ್ದು ಕೊಂಕಣಿಯಲ್ಲಿ, ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

"ವನೆಸ್ಸಾ, ಆ ದಿನದ್ದನ್ನು ನಾನು ಮನಸ್ಸಿನಿಂದ ತೆಗೆದಿದ್ದೇನೆ" ಎಂದಳು ಪ್ಯಾಟ್ರಿಶಿಯಾ. "ನಿನ್ನನ್ನು ಕ್ಷಮಿಸಿದ್ದೇನೆ."

ವನೆಸ್ಸಾ ನಕ್ಕಳು. ಕೇಳಲು ಚೆನ್ನಾಗಿರಲಿಲ್ಲ ಆ ನಗು.

"ನೀನು? ನನ್ನನ್ನು? ಬಾಯ್," ಎಂದಳು. ಕೊಂಕಣಿಯಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ. "ಅಮ್ಮ ಕಟಪಾಡಿ ದಾಟುವವರೆಗೂ ಮಾತಾಡ್ತಿದ್ದಳು, ಗೊತ್ತುಂಟಾ ನಿನಗೆ? ಪ್ಯಾಟ್ರಿ ಎಲ್ಲಿ, ಪ್ಯಾಟ್ರಿ ಎಲ್ಲಿ ಅಂತ ಕೇಳಿದಳು. ಹಿಂದೆ ಬರ್ತಿದ್ದಾಳೆ ಅಂತ ಸುಳ್ಳು ಹೇಳಿದೆ. ನೀನು ಗೇಟಿನಲ್ಲಿ ಫಾದರನ್ನು ಕಾಯ್ತಾ ನಿಂತಿದ್ದೆ. ಆಂಬುಲೆನ್ಸಿನಲ್ಲಿ ಜಾಗ ಇತ್ತು. ಹತ್ತು ಅಂತ ನಾನು ಕೈ ಚಾಚಿದ್ದೆ. ನೀನು ಕೈ ಕಟ್ಟಿಕೊಂಡು ನಿಂತೆ. ಕಡಿಯಾಳಿ ಹತ್ತಿರ ಅಮ್ಮ ಹೋದಾಗ ನಾನೊಬ್ಬಳೇ ಇದ್ದೆ. ಆಮೇಲೆ ಏಳು ವರ್ಷ ಊರಿಡೀ ನಿನ್ನ ಭಕ್ತಿಯ ಸುದ್ದಿ ಕೇಳಿದೆ."

ಪ್ಯಾಟ್ರಿಶಿಯಾ ಎದ್ದಳು. ಕೊಡೆ ಅಲ್ಲೇ ಮರೆತು ಮಳೆಯಲ್ಲಿ ಮನೆಗೆ ಹೋದಳು.

ಎರಡು ದಿನ ಅವಳು ತೋಟಕ್ಕೂ ಇಳಿಯಲಿಲ್ಲ, ಮೊಗ್ಗು ಗಿಡದಲ್ಲೇ ಅರಳಿದವು. ನಾನು ಗಂಜಿ ತೆಗೆದುಕೊಂಡು ಹೋದಾಗ ಶಿಲುಬೆಯ ಎದುರು ಕುಳಿತಿದ್ದಳು. ಜಪಸರ ಕೈಯಲ್ಲಿರಲಿಲ್ಲ.

"ನಾನು ಕ್ಷಮಿಸ್ಲಿಕ್ಕೆ ಹೋದದ್ದು" ಎಂದಳು. "ದೊಡ್ಡ ಮನಸ್ಸು ಮಾಡಿ, ಮರಿಯಮ್ಮನನ್ನು ಎತ್ತಿಕೊಂಡು. ಕೇಳ್ಲಿಕ್ಕೆ ಹೋಗ್ಬೇಕಿತ್ತು."

"ಈಗ ಎಂತ ಮಾಡ್ತಿ?"

"ಎಂತ ಮಾಡುದು, ಹೋಗುದು. ನೀನೂ ಬಾ. ಬಾಗಿಲು ಹಾಕಿದ್ರೆ ಒಬ್ಬಳೇ ನಿಲ್ಲಲಿಕ್ಕೆ ಧೈರ್ಯ ಇಲ್ಲ."

ವನೆಸ್ಸಾ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಪ್ಯಾಟ್ರಿಶಿಯಾ ನಾಲ್ಕು ಮಾತಿನಲ್ಲಿ ಮುಗಿಸಿದಳು. "ಹತ್ತಬೇಕಿತ್ತು. ಸಿಟ್ಟಿನಲ್ಲಿ ಹತ್ತಲಿಲ್ಲ. ಅಮ್ಮನನ್ನೂ ಬಿಟ್ಟೆ, ನಿನ್ನನ್ನೂ ಬಿಟ್ಟೆ. ನನ್ನನ್ನು ಕ್ಷಮಿಸು."

ವನೆಸ್ಸಾ ಒಂದು ಬೆಡ್‌ಶೀಟನ್ನು ಕೊಡವಿ ಹಗ್ಗಕ್ಕೆ ಹಾಕಿದಳು. "ಇವತ್ತು ಆಗುದಿಲ್ಲ."

"ಸರಿ. ನಾಳೆ ಬರ್ತೇನೆ."

"ನಾಳೆಯೂ ಆಗ್ಲಿಕ್ಕಿಲ್ಲ."

"ನಾಡಿದ್ದು ಬರ್ತೇನೆ. ನನಗೆ ಬಸ್ ಹಿಡಿಯುವ ಕೆಲಸ ಇಲ್ವಲ್ಲ, ಪಕ್ಕದ ಮನೆ."

ಹೋದಳು. ದಿನವೂ ಹೂವಿನ ಕೆಲಸ ಮುಗಿಸಿ ಹೋಗುತ್ತಿದ್ದಳು. ಕ್ಷಮೆಯ ಮಾತನ್ನು ಮತ್ತೆ ಎತ್ತಲಿಲ್ಲ. ಮೊದಮೊದಲು ಜಗಲಿಯಲ್ಲಿ ಕುಳಿತು ಎದ್ದು ಬರುವಳು. ಒಂದು ದಿನ ವನೆಸ್ಸಾ ಒಳಗಿನಿಂದ ಕೂಗಿದಳಂತೆ: "ಬಂದು ಕೂತದ್ದೇ ಆಯ್ತು, ಈ ಬಂಗುಡೆಯನ್ನಾದ್ರೂ ಕ್ಲೀನ್ ಮಾಡು!" ಆ ದಿನ ಪ್ಯಾಟ್ರಿಶಿಯಾ ಮೀನಿನ ವಾಸನೆಯ ಕೈಯಲ್ಲೇ ಓಡಿಬಂದು ನನಗೆ ಸುದ್ದಿ ಹೇಳಿದಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ನೋಡಿರಲಿಲ್ಲ. ಜನವರಿಯಲ್ಲಿ ಇಬ್ಬರೂ ಕಾರ್ಕಳದ ಅತ್ತೂರು ಇಗರ್ಜಿಗೆ ಒಟ್ಟಿಗೆ ಹೋದರು. ಕಿಟಕಿಯ ಸೀಟಿಗಾಗಿ ಬಸ್ಸಿನಲ್ಲಿ ಜಗಳವಾಡಿದರಂತೆ.

ಅವಳ ಪ್ರಾರ್ಥನೆಯೂ ಬದಲಾಯಿತು. ಪೂಜೆಗೆ ಹೋಗುವುದನ್ನು ಬಿಡಲಿಲ್ಲ, ಉಪವಾಸವನ್ನೂ ಬಿಡಲಿಲ್ಲ. ಆದರೆ ಬೇರೆಯವರು ಹೇಗೆ ಪ್ರಾರ್ಥಿಸುತ್ತಾರೆಂದು ನೋಡುವುದನ್ನು ಬಿಟ್ಟಳು. ಮಕ್ಕಳು ಅವಳ ಮಡಿಲಲ್ಲಿ ಕುಳಿತು ಜಪಸರ ಹೇಳುವುದನ್ನು, ನಡುವೆ ನಿದ್ದೆ ಹೋಗುವುದನ್ನು ನಾನು ಕಂಡಿದ್ದೇನೆ. ವಾರ್ಡಿನಲ್ಲಿ ಮಾತು ಬಿಟ್ಟವರ ಮನೆಗಳಿಗೆ ಹೋಗಿ ಕೂರತೊಡಗಿದಳು. ಪಾಸ್ಕಲರ ಅಣ್ಣನ ಮನೆಗೂ ಹೋದಳು. ಅವರು ಬೈದು ಕಳಿಸಿದರು. "ಇನ್ನೊಮ್ಮೆ ಹೋಗ್ತೇನೆ, ಅವರಿಗೂ ಅಳ್ಲಿಕ್ಕೆ ಯಾರಾದ್ರೂ ಬೇಕಲ್ಲ" ಎಂದಳು. ಮೂರನೆಯ ಸಲ ಆ ಅಣ್ಣ ಅವಳೆದುರು ಅತ್ತರು.

ಹೊಟ್ಟೆನೋವು ಶುರುವಾದದ್ದು ಅದೇ ವರ್ಷದ ಮಳೆಗಾಲದಲ್ಲಿ. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದರು. ಮಣಿಪಾಲಕ್ಕೆ ಮೊದಲ ಚಿಕಿತ್ಸೆಗೆ ಹೊರಡುವ ಬೆಳಿಗ್ಗೆ ನಾನು ಬ್ಯಾಗು ಹಿಡಿದು ಅಂಗಳದಲ್ಲಿ ಬಾಡಿಗೆ ಕಾರಿನ ಬಳಿ ಇದ್ದೆ. ವನೆಸ್ಸಾ ಚಪ್ಪಲಿ ಮೆಟ್ಟಿಕೊಂಡು ಬಂದಳು.

"ನಿನಗೆ ಯಾಕೆ ತೊಂದರೆ, ಸುಗಂಧಿ ಇದ್ದಾಳಲ್ಲ" ಎಂದಳು ಪ್ಯಾಟ್ರಿಶಿಯಾ.

"ಸುಗಂಧಿಯಕ್ಕ ಬರ್ಲಿ. ನಾನೂ ಬರ್ತೇನೆ." ವನೆಸ್ಸಾ ಕಾರಿನ ಬಾಗಿಲು ತೆಗೆದಳು. "ಆ ರಸ್ತೆಯಲ್ಲಿ ಒಬ್ಬರೇ ಹೋಗುದು ಎಷ್ಟು ಕಷ್ಟ ಅಂತ ನನಗೆ ಗೊತ್ತುಂಟು. ಹತ್ತು, ಬಾಯ್."

ಪ್ಯಾಟ್ರಿಶಿಯಾ ಹತ್ತಿದಳು. ಕಾರು ಕಟಪಾಡಿ ದಾಟಿತು. ಹಿಂದಿನ ಸೀಟಿನಲ್ಲಿ ಅವರಿಬ್ಬರೂ ಕೈ ಹಿಡಿದುಕೊಂಡಿದ್ದರು. ನಾನು ಮುಂದೆ ಡ್ರೈವರ್ ಪಕ್ಕ ಕುಳಿತು ರಸ್ತೆ ನೋಡಿದೆ.

ಚಿಕಿತ್ಸೆ ಫಲಿಸಲಿಲ್ಲ. ಆದರೂ ಅವಳು ಸುಮ್ಮನೆ ಮಲಗಲಿಲ್ಲ. ಕೀಮೋದಿಂದ ಬಂದ ಮರುವಾರವೇ ಕೋಲು ಹಿಡಿದು ವಾರ್ಡಿನ ಮನೆಗಳಿಗೆ ಹೋದಳು. ವನೆಸ್ಸಾ ಬೈಯುತ್ತ ಹಿಂದೆ ಕೊಡೆ ಹಿಡಿದಳು. ನಡೆಯಲು ಆಗದ ಮೇಲೆ ಜನ ಅವಳ ಬಳಿ ಬಂದರು.

ನೋವು ಹೆಚ್ಚಾದಾಗ ಒಮ್ಮೆ ಕೇಳಿದೆ, ದೇವರ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು. "ಬರ್ತದೆ" ಎಂದಳು. "ಹೇಳ್ತೇನೆ ಅವನಿಗೆ. ಮೊದಲು ಹೆದರಿ ಹೇಳ್ತಿರಲಿಲ್ಲ. ಈಗ ವನೆಸ್ಸಾಳ ಹತ್ತಿರ ಹೇಳಿದ ಹಾಗೆ ಹೇಳ್ತೇನೆ."

ಕೊನೆಯಲ್ಲಿ ಡಾಕ್ಟರರು ಮನೆಗೆ ಕಳಿಸಿದರು. ಫಾದರ್ ಸಮಯಕ್ಕೆ ಸರಿಯಾಗಿ ಬಂದರು. ಹಣೆಗೆ, ಅಂಗೈಗಳಿಗೆ ಎಣ್ಣೆ ಹಚ್ಚಿದರು, ಪರಮಪ್ರಸಾದದ ಸಣ್ಣ ತುಂಡು ಕೊಟ್ಟರು. ಅವಳು ಕಣ್ಣು ಮುಚ್ಚಿ ಎಲ್ಲದಕ್ಕೂ "ಆಮೆನ್" ಎಂದಳು. ಪ್ರಾರ್ಥನೆ ಮುಗಿಸಿ ಫಾದರ್ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಜಪಸರ ತೆಗೆದರು. ವನೆಸ್ಸಾ ಗೌರವದಿಂದ ಗೋಡೆಯ ಬಳಿ ಸರಿದು ನಿಂತಳು.

ಪ್ಯಾಟ್ರಿಶಿಯಾ ಕಣ್ಣು ತೆರೆದು ಅತ್ತಿತ್ತ ಹುಡುಕಿದಳು.

"ಫಾದರ್, ಬೇಜಾರು ಮಾಡ್ಬೇಡಿ. ಸ್ವಲ್ಪ ಆಚೆ ಕೂತ್ಕೊಳ್ತೀರಾ? ಅದು ನನ್ನ ತಂಗಿಯ ಜಾಗ."

ಫಾದರ್ ಎದ್ದರು. ವನೆಸ್ಸಾ ಕುಳಿತು ಎಣ್ಣೆ ಹಚ್ಚಿದ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಮರುದಿನ ಮಧ್ಯಾಹ್ನ ಪ್ಯಾಟ್ರಿಶಿಯಾ ಹೋದಾಗಲೂ ಅವಳು ಅಲ್ಲೇ ಇದ್ದಳು.