ಗೋಡೆಯಾಚೆಯ ಪಪ್ಪಾಯಿ

ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಆರಿಸುತ್ತಿದ್ದೆ. ಹಲಬರ್ಗಾದಿಂದ ಬಂದಿದ್ದ ನನ್ನ ತಮ್ಮ ಚಹಾ ಕುಡಿಯುತ್ತಲೇ ನಮ್ಮ ಪಪ್ಪಾಯಿ ಗಿಡಕ್ಕೆ ಒಂದು ಸುತ್ತು ಹಾಕಿ ಬಂದ.

“ಅಕ್ಕಾ, ಇದು ಗಂಡು ಅದ. ಹೂ ನೋಡು, ಉದ್ದ ದೇಟಿಗೆ ಗೊಂಚಲು ಗೊಂಚಲು ಜೋತಾಡ್ಲತ್ತಾವ. ಇದಕ್ಕ ಕಾಯಿ ಹಿಡಿಯಂಗಿಲ್ಲ.”

ನನ್ನ ಕೈ ನಿಂತಿತು. ಮೊದಲ ಹಣ್ಣು ಔರಾದದ ಅಮರೇಶ್ವರನಿಗೆ, ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಪಪ್ಪಾಯಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದೆ. ಹೊತ್ತವಳು ನಾನು. ಮಲಬದ್ಧತೆಯಿಂದ ಹೊಟ್ಟೆ ಕಟ್ಟಿಕೊಂಡು, ದಿನಾ ಒಂದು ಹೋಳು ಪಪ್ಪಾಯಿ ತಿನ್ನಿರೆಂದು ಡಾಕ್ಟರರಿಂದ ಹೇಳಿಸಿಕೊಂಡವರು ನನ್ನ ಅತ್ತೆ.

“ಈಕಿ ಹರಕಿ ತೀರೋದ್ರಾಗ ನನ್ನ ಹೊಟ್ಟಿ ಕಲ್ಲಾಗ್ತದ,” ಎಂದರು ಅತ್ತೆ. “ಗಂಡಿಗಿ ಹಣ್ಣು ಬೇಡಕೋತ ಕೂತಾಳ!”

“ನಮ್ಮ ಹೊಲದಾಗ ಒಂದೊಂದು ಗುಣಿಗೆ ಎರಡ್ಮೂರು ಸಸಿ ಹಚ್ತೇವಿ,” ಎಂದ ತಮ್ಮ. “ಹೂ ಬಿಟ್ಟ ಮ್ಯಾಲ ಹೆಣ್ಣು ಉಳಿಸಿ ಗಂಡು ಕೀಳ್ತೇವಿ. ನೀ ಒಂದೇ ಯಾಕ ಹಚ್ಚಿದಿ?”

ನಾನು ಬೇಳೆಯತ್ತ ಬಗ್ಗಿ ಕಲ್ಲು ಹುಡುಕಿದೆ. ಸಸಿ ಎರಡಿದ್ದವು. ದಪ್ಪನೆಯದನ್ನು ನಮಗಿಟ್ಟುಕೊಂಡು, ಬಡಕಲನ್ನು ನಾವು ‘ಖಾಲಾ’ ಎಂದು ಕರೆಯುವ ಪಕ್ಕದ ಮನೆಯ ಮುಸ್ಲಿಂ ಚಿಕ್ಕಮ್ಮನಿಗೆ ಗೋಡೆಯ ಮೇಲಿಂದ ದಾನ ಮಾಡಿದ್ದೆ. ಶಿವಾ, ದಾನವೆಂದೇ ಹೇಳಿಕೊಂಡಿದ್ದೆ.

ಅಷ್ಟರಲ್ಲಿ ನಮ್ಮ ಮನೆಯವರು ಕೊಡಲಿ ತಂದರು. ಗೋಡೆಯ ಆಚೆಯಿಂದ ಖಾಲಾ ತಲೆ ಎತ್ತಿದರು.

“ಅರೇ ಭಾಯಿ, ಕಡೀಬ್ಯಾಡ್ರಿ! ನನ್ನ ಗಿಡಾ ವಿಧವಿ ಆಗ್ತದ!”

ಅವರ ಹಿಂದೆ ಆ ಬಡಕಲು ಸಸಿ ಈಗ ಗೋಡೆಗಿಂತ ಎತ್ತರವಾಗಿ, ಕುತ್ತಿಗೆ ತುಂಬ ಕಾಯಿ ಹೊತ್ತು ನಿಂತಿತ್ತು.

“ಖಾಲಾ ಖರೇನೇ ಹೇಳ್ಲತ್ತಾರ,” ಎಂದ ತಮ್ಮ. “ಈ ಗಂಡಿನ ಹೂವಿನ ಧೂಳಿ ಹೋಗ್ಲಿಲ್ಲಂದ್ರ ಆ ಹೆಣ್ಣಿಗಿ ಕಾಯಿ ನಿಲ್ಲಂಗಿಲ್ಲ.”

“ಮೊದಲನೇ ಹಣ್ಣು ನಿಮ್ಮ ದೇವರಿಗೇ ಒಯ್ರಿ,” ಎಂದರು ಖಾಲಾ. “ನಾ ಇನ್ನೂ ಒಂದೂ ಹರ್ದಿಲ್ಲ.”

ಆದರೆ ಬೇರೆಯವರ ಹಿತ್ತಲಿನ ಹಣ್ಣು ನಮ್ಮ ಹರಕೆಗೆ ಸಲ್ಲುತ್ತದೆಯೇ? ನನಗೆ ಅನುಮಾನ. ಅತ್ತೆಗೆ ಇಲ್ಲ.

“ಅಪ್ಪ ನಮ್ಮ ಹಿತ್ತಲದಾಗ ನಿಂತಾನ. ಆ ಹಣ್ಣು ನಮ್ಮ ಮನಿ ಕೂಸಲ್ಲೇನು? ಸಲ್ತದ!”

ಎರಡು ವಾರದಲ್ಲಿ ಒಂದು ಕಾಯಿಗೆ ಹಳದಿ ಗೆರೆ ಬಿತ್ತು. ಖಾಲಾ ಹಾಲು ಸೋರದಂತೆ ತೊಟ್ಟಿಗೆ ಬೂದಿ ಒತ್ತಿ, ಪೇಪರಿನಲ್ಲಿ ಸುತ್ತಿ ಕೊಟ್ಟರು. ಮೂರನೆಯ ದಿನ ಹಣ್ಣಾಗಿತ್ತು. ಔರಾದದ ಬಸ್ಸಿನಲ್ಲಿ ಅದನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಹೋದೆ. ಪೂಜಾರಿ ಅರ್ಧ ದೇವರ ಮುಂದಿಟ್ಟು ಅರ್ಧ ಪ್ರಸಾದವೆಂದು ಮರಳಿ ಕೊಟ್ಟರು. ದಪ್ಪ ಸಸಿ ನಮಗೇ ಇರಲಿ ಎಂದದ್ದಕ್ಕೆ ಅಲ್ಲೇ ತಪ್ಪೊಪ್ಪಿಕೊಂಡೆ. ಸಂಜೆ ಅತ್ತೆ ಆ ಅರ್ಧದಲ್ಲಿ ಯಾರಿಗೂ ಪಾಲು ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಸಂಡಾಸಿನಿಂದ ನಗುತ್ತಾ ಹೊರಗೆ ಬಂದು, “ದೇವರು ಕಣ್ಣು ತೆರ್ದಾ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ನಾನು ಅಡುಗೆಮನೆಯಿಂದಲೇ ಕೈಮುಗಿದು, ರೊಟ್ಟಿಗೆಂದು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದೆ.