ಬಿ ಸೆಕ್ಷನ್ನಿನ ಅಕ್ಕೋರು

ದುರ್ಗಿಗುಡಿಯ ಜಗದಾಂಬಾ ದಿನಾ ಬೆಳಗಿನ ರೈಲಿಗೆ ಭದ್ರಾವತಿಗೆ ಹೋಗಿ ಹಳೇ ಊರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹೂವಾಗಲಿ, ಹೃದಯವಾಗಲಿ, ಹೊಳೆದಂಡೆಯ ಜೇಡಿಮಣ್ಣಿನಲ್ಲಿ ಮಾಡಿ ಮಕ್ಕಳ ಕೈಗೆ ಕೊಟ್ಟೇ ಪಾಠ ಮಾಡುವುದು ಅವರ ಪದ್ಧತಿ. ನೌಕರಿ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ.

೧೯೬೧ರ ಜನವರಿಯಲ್ಲಿ ಓಂಕಾರಪ್ಪ ಎಂಬ ಸಂಶೋಧಕರು ಗೋಡೆಯ ಮೇಲೆ ಚಿತ್ರ ಬೀಳಿಸುವ ಯಂತ್ರವೊಂದನ್ನು ತಂದರು. ಏಳನೇ ತರಗತಿಯ ಎ ಸೆಕ್ಷನ್ನಿಗೆ ಚಿತ್ರ ತೋರಿಸಿ ಪಾಠ. ಬಿ ಸೆಕ್ಷನ್ನಿಗೆ ಬರೀ ಪುಸ್ತಕ, ಸೀಮೆಸುಣ್ಣ. ಕೊನೆಗೆ ಎರಡಕ್ಕೂ ಒಂದೇ ಪರೀಕ್ಷೆ ಕೊಟ್ಟು, ಚಿತ್ರದಿಂದ ಎಷ್ಟು ಲಾಭವೆಂದು ಅಳೆಯಬೇಕು. ಬಿ ಸೆಕ್ಷನ್ ಜಗದಾಂಬಾ ಅವರ ಪಾಲಿಗೆ ಬಂತು. ಜೇಡಿಮಣ್ಣನ್ನೂ ಮುಟ್ಟಬೇಡಿ ಎಂದರು ಹೆಡ್‌ಮಾಸ್ಟರು. ಕಾಯಂ ಮಾಡುವ ಕಾಗದ ಅವರ ಮೇಜಿನ ಮೇಲೇ ಇತ್ತು. ಅಳತೆ ಮುಗಿದ ಮೇಲೆ ಬಿ ಸೆಕ್ಷನ್ನಿಗೂ ಚಿತ್ರ ತೋರಿಸುವುದಾಗಿ ಓಂಕಾರಪ್ಪ ಮಾತು ಕೊಟ್ಟರು. ಜಗದಾಂಬಾ ಒಪ್ಪಿದರು.

ಕೋಣೆ ಕತ್ತಲು ಮಾಡಲು ಕಿಟಕಿಗಳಿಗೆ ಕಂಬಳಿ ಬೇಕಾಯಿತು. ಬಿ ಸೆಕ್ಷನ್ನಿನ ಚೌಡಮ್ಮ ಮನೆಯಿಂದ ಒಂದನ್ನು ಹೊತ್ತು ತಂದಳು. ಅವಳ ಅಪ್ಪ ಕರಿಯಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ. ವರ್ಷದ ಕೊನೆಯ ಪಬ್ಲಿಕ್ ಪರೀಕ್ಷೆ ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಕುಂಸಿಯ ಸೋದರಮಾವನ ಜೊತೆ ಮದುವೆ ಎಂದು ಅವನು ಶಾಲೆಗೇ ಬಂದು ಹೇಳಿ ಹೋಗಿದ್ದ.

ಒಂದು ಮಧ್ಯಾಹ್ನ ಚೌಡಮ್ಮ ಆ ಕಂಬಳಿ ಹೊಡೆದ ಕಿಟಕಿಗೆ ಹೊರಗಿನಿಂದ ಕಣ್ಣು ಹಚ್ಚಿ ನಿಂತಿದ್ದಳು. ಒಳಗೆ ರಕ್ತ ಹರಿಯುವ ಪಾಠ. ಓಂಕಾರಪ್ಪ ಕಂಡು, ಹೀಗಾದರೆ ಅಳತೆಯೆಲ್ಲ ಕೆಟ್ಟಂತೆಯೇ ಎಂದು ಗೊಣಗಿದರು. ಜಗದಾಂಬಾ ಓಡಿ ಬಂದರು.

“ಅಕ್ಕೋರೇ, ನಮ್ಮಪ್ಪನ ಕಂಬಳಿ. ತೂತು ಎಲ್ಲೈತೆ ಅಂತ ನಂಗೊತ್ತು. ಒಂದೇ ಒಂದ್ಸಲ ನೋಡ್ತೀನಿ.”

“ಕಂಬಳಿ ನಿಂದಾದ್ರೆ ಚಿತ್ರಾನೂ ನಿಂದೇನೆ? ನಡಿ ಕ್ಲಾಸಿಗೆ.”

ಹಿಂದೆಯೇ ಬಂದಿದ್ದ ಬಿ ಸೆಕ್ಷನ್ನಿನ ಹುಡುಗಿಯರು ನಕ್ಕರು. ಚೌಡಮ್ಮ ಮತ್ತೆ ಆ ಕಡೆ ಸುಳಿಯಲಿಲ್ಲ.

ಅಳತೆ ಮುಗಿದ ಮರುದಿನವೇ ಯಂತ್ರ ಬೇರೆ ಶಾಲೆಗೆ ಹೋಯಿತು. ಪಬ್ಲಿಕ್ ಪರೀಕ್ಷೆಗೆ ಉಳಿದದ್ದು ಐದು ದಿನ. ಜಗದಾಂಬಾ ಮಣ್ಣು ಕಲಸಿದರು, ಆದರೆ ಪಾಠಗಳು ಎಂಟಿದ್ದವು, ಹೃದಯದವರೆಗೆ ಬರಲಾಗಲಿಲ್ಲ. ಪರೀಕ್ಷೆಯಲ್ಲಿ ಹೃದಯದ ಚಿತ್ರ ಬರೆದು ರಕ್ತದ ದಾರಿ ಗುರುತಿಸಲು ಕೇಳಿದ್ದರು. ಚೌಡಮ್ಮ ವಿಜ್ಞಾನದಲ್ಲಿ ನಾಲ್ಕು ಅಂಕಕ್ಕೆ ಫೇಲಾದಳು.

ಫಲಿತಾಂಶ ಬಂದ ವಾರ ಕರಿಯಪ್ಪ ಶಾಲೆಗೆ ಬಂದ. ಜಗದಾಂಬಾ, ಇನ್ನೊಂದು ವರ್ಷ ಓದಿಸಿ, ತಪ್ಪು ನನ್ನದು ಎಂದರು. ಅವನಿಗೆ ಅದು ಉಪಚಾರದ ಮಾತಾಗಿ ಕೇಳಿಸಿತು.

“ಬಿಡಿ ಅಕ್ಕೋರೇ, ಅವಳ ತಲೇಲಿ ಇಲ್ಲದಿದ್ರೆ ನೀವೇನು ಮಾಡ್ತೀರಿ. ಆ ಕಂಬಳಿ ಕೊಡಿ. ಮದುವೆ ಹಸೆಗೆ ಹಾಸಬೇಕು.”

ಜಗದಾಂಬಾ ಸ್ಟೂಲು ಹತ್ತಿ ಮೊಳೆಗಳಿಂದ ಕಂಬಳಿ ಬಿಡಿಸಿದರು. ತೂತು ಹುಡುಗಿಯ ಕಣ್ಣಿನ ಎತ್ತರಕ್ಕೇ ಇತ್ತು. ಅದು ಕಾಣದಂತೆ ಮಡಿಸಿ ಕೊಟ್ಟರು.

ಜೂನಿನಲ್ಲಿ ಅವರ ನೌಕರಿ ಕಾಯಂ ಆಯಿತು.