ಮುಚ್ಚಿದ ಸೆಟ್ಟಿನೊಳಗೆ ರೊಟ್ಟಿಯ ಸದ್ದು

ಕನಸು ನಿಜವಾಯಿತು, ಸತ್ತವರು ಕರೆದರು ಎಂದು ಯಾರಾದರೂ ಹೇಳಿದರೆ ನಾನು ಹೂಂಗುಟ್ಟಿ ಕೆಲಸಕ್ಕೆ ಏಳುತ್ತಿದ್ದವಳು. ದೇವರನ್ನು ನಂಬುತ್ತೇನೆ, ಇಂಥ ಕತೆಗಳನ್ನು ನಂಬುತ್ತಿರಲಿಲ್ಲ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಲಪ್ರಭೆ ದಂಡೆ ಮೀರಿತು. ನಾವು ಬೈಲಹೊಂಗಲದಲ್ಲಿ ಸೋರದ ಸೂರಿನ ಕೆಳಗಿದ್ದೆವು, ಅದು ಎಲ್ಲವ್ವ ತಾಯಿಯ ದಯೆ. ನನ್ನ ತಂಗಿ ಮಾತ್ರ ರಾಮದುರ್ಗದ ಕಡೆ ಹೊಳೆದಂಡೆಯ ಊರಿನವಳು. ಅವಳ ಮನೆಗೆ ನೀರು ಹೊಕ್ಕಿತೆಂಬ ಸುದ್ದಿ ಬಂತು; ಆಮೇಲೆ ಆ ಕಡೆಯ ಫೋನೆಲ್ಲ ಬಂದ್ ಆದವು.

ನನ್ನ ಯಜಮಾನರಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಲೈಸೆನ್ಸ್ ಇದೆ, ಸೆಟ್ಟು ತಾವೇ ಕಟ್ಟಿದ್ದು. ರಾಮದುರ್ಗದಿಂದ ಅವರಂಥವರೊಬ್ಬರು ಪಾರಾದವರ ಹೆಸರು ಹೇಳುತ್ತಿದ್ದಾರೆಂದು ತಿಳಿದು ಮಧ್ಯಾಹ್ನ ಸೆಟ್ಟಿನ ಮುಂದೆ ಕೂತರು. ದನಿ ಏಳಲೇ ಇಲ್ಲ. ಅದು ಗಾಳಿಯಲ್ಲಿ ಬರುವ ರೇಡಿಯೋ ಅಲೆಯನ್ನು ನೇರವಾಗಿ ಸದ್ದಾಗಿಸುವ ಸೆಟ್ಟು. ಅದು ತಾನೇ ಹುಟ್ಟಿಸುವ ಅಲೆ ಒಳಗೊಳಗೇ ಸೋರಿ ಮತ್ತೆ ಅದರ ಬಾಯಿಗೇ ಬೀಳುತ್ತದೆ. ಆಗ ಮೀಟರಿನ ಮುಳ್ಳು ಒಂದು ಕಡೆ ವಾಲಿ, ಸಣ್ಣ ದನಿಗಳು ಮುಳುಗುತ್ತವೆ. ಏರಿಯಲ್ ಕಿತ್ತು, ಆ ತೂತಿಗೆ ಮುಚ್ಚಳ ಹಾಕಿ, ಹೊರಗಿನದೇನೂ ಬರದಿರುವಾಗ ಮುಳ್ಳನ್ನು ಸಣ್ಣ ತಿರುಪಿನಿಂದ ನಡುವಿಗೆ ತರಬೇಕು. ಅವರ ಕೈ ನಡುಗುತ್ತದೆ. ಬತ್ತಿ ಹೊಸೆದ ಬೆರಳು ನನ್ನವು, ಆ ಕೆಲಸ ನನ್ನದು.

ಹೆಡ್‌ಫೋನ್ ನನ್ನ ಕಿವಿಗೆ ಹಚ್ಚಿ, "ಈಗ ಏನ ಕೇಳಿದ್ರೂ ಅದು ಸೆಟ್ಟಿನ ಗದ್ದಲ, ಸುದ್ದಿ ಅಲ್ಲ. ಮುಳ್ಳ ನಡಕ ತಾ," ಎಂದರು.

ತಿರುಪು ಮುಟ್ಟಿದ್ದೆ. ಗುಂಯ್ ಎನ್ನುವುದರ ಒಳಗೆ ರೊಟ್ಟಿ ಬಡಿಯುವ ಸದ್ದು. ಮರದ ಕೊಣಮಿಗೆಯಲ್ಲಿ ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು, ಕೊನೆಗೆ ಎರಡು ಬೇಗ ಬೇಗ ಏಟು. ನನ್ನ ತಂಗಿ ರೊಟ್ಟಿ ಮುಗಿಸುವುದು ಹಾಗೆಯೇ. ಆದರೆ ನಡುನಡುವೆ ಬಡಿತ ಕುಂಟುತ್ತಿತ್ತು. ಅವಳು ಎಂದೂ ಹಾಗೆ ಕುಂಟಿದವಳಲ್ಲ.

"ರೀ, ಯಾರೋ ರೊಟ್ಟಿ ಬಡ್ಯಾಕತ್ತಾರ."

"ಮುಂಜಾನಿಂದ ಉಪಾಸ ಅದೀ, ಮತ್ತೇನ ಕೇಳಬೇಕ?" ಎಂದು ತಾವೂ ಕಿವಿಗಿಟ್ಟು ನೋಡಿದರು. ಅವರಿಗೆ ಬರೀ ಗುಂಯ್.

ನಾನು ತಿರುಪು ತಿರುಗಿಸಿದೆ. ಮುಳ್ಳು ನಡುವಿಗೆ ಬಂತು, ಸದ್ದು ನಿಂತಿತು. ಏರಿಯಲ್ ಸಿಕ್ಕಿಸಿದಾಗ ರಾಮದುರ್ಗದವರ ದನಿ ಸ್ಪಷ್ಟವಾಗಿ ಕೇಳಿತು. ಹೆಸರುಗಳೆಲ್ಲ ಮುಗಿದವು, ತಂಗಿಯದು ಬರಲಿಲ್ಲ. ದೇವರ ಮುಂದೆ ದೀಪ ಹಚ್ಚಿ ಕೂತೆ.

ಮರುದಿನ ಯಾರದೋ ಫೋನಿನಿಂದ ಅವಳೇ ಮಾತಾಡಿದಳು. "ಅಕ್ಕಾ, ಹೆದರಬ್ಯಾಡ, ಸಾಲ್ಯಾಗ ಅದೇವಿ. ನಿನ್ನಿ ಮಧ್ಯಾನ ಊರ ಮಂದಿಗೆಲ್ಲಾ ರೊಟ್ಟಿ ಬಡದ ಬಡದ ಸಾಕಾತು. ಬರೂ ಮುಂದ ಬಾಗಲದಾಗ ಹೆಬ್ಬಟ್ಟ ಸಿಕ್ಕಿತ್ತ ನೋಡ, ಒಂದ ಏಟ ಹಾಕಿದ್ರ ಒಂದ ತಪ್ಪತಿತ್ತ."

ಫೋನ್ ಇಟ್ಟು ಯಜಮಾನರಿಗೆ ಹೆಬ್ಬಟ್ಟಿನ ಮಾತು ಹೇಳಿದೆ.

"ಸೆಟ್ಟಿನಂಗ ನಿಂದೂ. ನಿನ್ನ ಮನಸಿನ ಸದ್ದ ನಿನ್ನ ಕಿವಿಗೇ ತಿರಗಿ ಬಿದ್ದೈತಿ," ಎನ್ನುತ್ತಾರೆ ಯಜಮಾನರು. ಇರಬಹುದು. ಆದರೆ ನನ್ನ ಮನಸ್ಸಿನಲ್ಲಿದ್ದ ತಂಗಿಯ ಹೆಬ್ಬೆರಳಿಗೆ ಏನೂ ಆಗಿರಲಿಲ್ಲ. ಆ ಕುಂಟು ಎಲ್ಲಿಂದ ಬಂತು?

ಈಗಲೂ ಸೆಟ್ಟು ಸರಿಮಾಡಲು ಕರೆಯುತ್ತಾರೆ. ಮುಚ್ಚಳ ಹಾಕಿದ ಮೇಲೆ ತಿರುಪು ಮುಟ್ಟುವ ಮುನ್ನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೇಳುತ್ತೇನೆ. ಬರೀ ಗುಂಯ್.